ಪ್ರಿಂಟರ್ ಸುಮ್ಮನಿದ್ದ ಹದಿನೈದು ನಿಮಿಷ

ಇಂಗ್ಲೆಂಡಿನ ಬರ್ನ್ಲಿಯಲ್ಲಿ ಯಂತ್ರ ಸುಮ್ಮನಾದರೆ ಜನರ ಎದೆ ಧಸಕ್ಕೆನ್ನುತ್ತದೆ. ನಾಲ್ಕು ತಲೆಮಾರಿನಿಂದ ಮಗ್ಗದ ಸದ್ದಿನಲ್ಲೇ ಉಂಡು ಮಲಗಿದ ಊರು ಅದು. ಸದ್ದು ಕೇಳಿಸುತ್ತಿದ್ದರೆ ಒಲೆ ಉರಿಯುತ್ತಿದೆ ಎಂದು ಅರ್ಥ. ನಿಂತರೆ ಯಾವುದೋ ಮಗ್ಗ ಕೆಟ್ಟಿದೆ, ಇಲ್ಲವೇ ಯಾರೋ ಮೈಗಳ್ಳತನ ಮಾಡುತ್ತಿದ್ದಾರೆ, ಇಲ್ಲವೇ ಮಿಲ್ಲೇ ಬಾಗಿಲು ಹಾಕಿದೆ. ಸಾವಿರದ ಒಂಬೈನೂರ ಅರವತ್ತೆರಡರ ಆ ಅಕ್ಟೋಬರಿನಲ್ಲಿ ಈ ಮೂರನೆಯದೇ ಜಾಸ್ತಿಯಾಗಿತ್ತು.

ಹಾಗೆ ಬಾಗಿಲು ಹಾಕಿದ ಒಂದು ಮಿಲ್ಲಿನ ಎರಡನೇ ಮಹಡಿಯಲ್ಲಿ ಕಂಪ್ಯೂಟರ್ ಕಂಪನಿಯೊಂದು ಬಿಡಾರ ಹೂಡಿತ್ತು. ಮಗ್ಗಗಳನ್ನು ಕಿತ್ತ ಬೋಲ್ಟಿನ ತೂತುಗಳು ಇನ್ನೂ ನೆಲದಲ್ಲಿ ಹಾಗೇ ಇದ್ದವು. ಅವುಗಳ ಮೇಲೆ ಬೀರುಗಳಂತೆ ಸಾಲಾಗಿ ನಿಂತಿದ್ದ ಯಂತ್ರಕ್ಕೆ ಪೆನ್ನೈನ್ ಎಂದು ಹೆಸರಿಟ್ಟಿದ್ದರು. ಕಂಪನಿ ನಡೆಸುತ್ತಿದ್ದ ಎಂಟ್ವಿಸಲ್ ಸಾಹೇಬರು ಮಿಲ್ಲಿನ ಮ್ಯಾನೇಜರೊಬ್ಬರ ಮಗ. ಅಪ್ಪನಿಂದ ಬಂದ ಆಸ್ತಿ ಎಂದರೆ ಕಿವಿ. ಪೆನ್ನೈನಿನ ಪ್ರಿಂಟರ್ ಒಂದು ನಿಮಿಷ ಸುಮ್ಮನಾದರೆ ಸಾಕು, ತಮ್ಮ ಕೋಣೆಯಿಂದ ತಲೆ ಹೊರಹಾಕಿ, "ಯಾಕೆ ನಿಂತೋಯ್ತು? ಯಾರು ನಿಲ್ಸಿದ್ದು?" ಎಂದು ಕೂಗುತ್ತಿದ್ದರು.

ಮೇವಿಸ್ ಕರ್ಷಾ ಆ ಕೂಗಿಗೆ ಮೂರು ವರ್ಷದಿಂದ ಬೆಚ್ಚಿಬೀಳುತ್ತಿದ್ದಳು. ಇಪ್ಪತ್ತೇಳು ವರ್ಷದ ಹುಡುಗಿ, ಗಣಿತದಲ್ಲಿ ಚುರುಕು, ಮಾತಿನಲ್ಲೂ ಏನೂ ಕಡಿಮೆ ಇರಲಿಲ್ಲ. ಕಾಲೇಜಿನ ಮುಖ ಮಾತ್ರ ಕಂಡಿರಲಿಲ್ಲ. ಪೆನ್ನೈನಿನ ಒಳಗೆ ಕೂತು ಅದರ ಅಂಗಾಂಗಗಳನ್ನೆಲ್ಲ ಸಂಭಾಳಿಸುವ ಪ್ರೋಗ್ರಾಮು ಅವಳದು. ಕಾಗದದಲ್ಲಿ ಅದಕ್ಕೆ ಏನೋ ಉದ್ದದ ಹೆಸರಿತ್ತು. ಅಲ್ಲಿದ್ದವರೆಲ್ಲ ಕರೆಯುತ್ತಿದ್ದುದು 'ಮೇಸ್ತ್ರಿ' ಎಂದು.

ಮೇಸ್ತ್ರಿಯ ಕಷ್ಟ ಇಷ್ಟೇ. ಯಂತ್ರದಲ್ಲಿ ಲೆಕ್ಕ ಮಾಡುವ ತಲೆ ಒಂದೇ, ಅದಕ್ಕೆ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಸಾವಿರ ಲೆಕ್ಕ ಮಾಡುವ ವೇಗ. ಆದರೆ ತೂತು ಹೊಡೆದ ಕಾಗದದ ಪಟ್ಟಿ ಓದುವ ಎರಡು ರೀಡರುಗಳು, ಟೇಪು ಸುತ್ತುವ ಯಂತ್ರ, ಅಚ್ಚು ಒತ್ತುವ ಪ್ರಿಂಟರ್, ಇವು ನಾಲ್ಕೂ ಅದರ ಮುಂದೆ ಆಮೆಗಳು. ಕೇಂಬ್ರಿಜ್‌ನಲ್ಲಿ ಓದಿ ಬಂದ ಲಾರಿಮರ್ ಮಾಡಿಟ್ಟಿದ್ದ ಹಳೇ ಪ್ರೋಗ್ರಾಮಿನಲ್ಲಿ ತಲೆ ಒಂದೊಂದರ ಬಾಗಿಲಿಗೂ ಹೋಗಿ, ಆಯ್ತಾ, ಇನ್ನೂ ಇಲ್ಲವಾ, ಈಗ ಆಯ್ತಾ ಎಂದು ಕೇಳುತ್ತ ಸುತ್ತಬೇಕಿತ್ತು. ಹೊತ್ತೆಲ್ಲ ಕೇಳುವುದರಲ್ಲೇ ಮುಗಿಯುತ್ತಿತ್ತು. ಮೇವಿಸಳ ಮೇಸ್ತ್ರಿ ಯಾರನ್ನೂ ಕೇಳುತ್ತಿರಲಿಲ್ಲ. ತನ್ನ ಪಾಡಿಗೆ ತಾನು ಲೆಕ್ಕ ಮಾಡುತ್ತಿರುತ್ತಿತ್ತು. ಯಾವುದಕ್ಕೆ ಬೇಕೋ ಅದೇ ಕೂಗಬೇಕು. ಕೂಗಿದಾಗ, ಎಲ್ಲಿಗೆ ಬಿಟ್ಟೆ ಎಂದು ನೆನಪಿಟ್ಟುಕೊಂಡು, ಎದ್ದು ಹೋಗಿ ಅದರ ಕೆಲಸ ನೋಡಿ, ಬಂದು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿತ್ತು.

ಹೇಳುವುದಕ್ಕೆ ಇಷ್ಟು ಸಲೀಸು. ಆ ಸೋಮವಾರದ ತಾಲೀಮಿನಲ್ಲಿ ಇದು ಎಲ್ಲರ ಎದುರು ಮಕಾಡೆ ಮಲಗಿತು.

ಗುರುವಾರ ಹತ್ತು ಗಂಟೆಗೆ ಗಿರಾಕಿಗಳು ಬರುವವರಿದ್ದರು. ಗ್ರಿಮ್ಷಾ ಎಂಬ ಬಿಸ್ಕತ್ ಕಾರ್ಖಾನೆಯ ಯಜಮಾನ, ಜೊತೆಗೆ ಇನ್ನಿಬ್ಬರು. ಅವರ ಬಿಸ್ಕತ್ ವ್ಯಾನುಗಳು ಯಾವ ದಿನ ಯಾವ ಊರಿಗೆ ಹೋಗಬೇಕೆಂಬ ಪಟ್ಟಿಯನ್ನೂ, ಇನ್ನೊಂದು ಕಡೆ ಒಂದು ಸೇತುವೆಯ ಲೆಕ್ಕವನ್ನೂ ಪೆನ್ನೈನ್ ಒಟ್ಟಿಗೇ ಮಾಡಿ ತೋರಿಸಬೇಕು. ತಾಲೀಮಿನಲ್ಲಿ ಪ್ರಿಂಟರ್ ಆರ್ಭಟ ಮಾಡುತ್ತ ಪುಟಗಟ್ಟಲೆ ಒತ್ತಿತು. ಪಟ್ಟಿಗಳನ್ನು ರೀಡರಿಗೆ ಏರಿಸುವ ಬೆರಿಲ್ ಹಾಳೆ ಎತ್ತಿ ನೋಡಿದವಳು ಕಿಸಕ್ಕನೆ ನಕ್ಕಳು.

"ಪ್ಯಾಡಿಹ್ಯಾಮ್ ಊರಿಗೆ ಏನಾಯ್ತೇ ಮೇವಿಸ್? ಪ್ಯಾಡಿಮ್ ಅಂತ ಬಂದಿದೆ. ಹ್ಯಾ ಎಲ್ಲಿ ಹೋಯ್ತು? ಬಿಸ್ಕತ್ ಅನ್ಕೊಂಡು ನಿನ್ ಮೇಸ್ತ್ರಿ ತಿಂದ್ಬಿಟ್ನಾ?"

ಒಂದಲ್ಲ, ಹದಿನಾರು ಊರುಗಳ ಅಕ್ಷರ ಮಾಯವಾಗಿದ್ದವು. ಸೇತುವೆಯ ಲೆಕ್ಕದಲ್ಲಿ ಒಂದು ಸೊನ್ನೆಯೇ ಬಿದ್ದುಹೋಗಿತ್ತು. ಸೇತುವೆಗೆ ಸೊನ್ನೆ ಬಿಟ್ಟುಹೋದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಾರಿಮರ್ ಕೆಟ್ಟವನಲ್ಲ. ತಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ನೆಮ್ಮದಿಯನ್ನು ಮುಚ್ಚಿಡಲು ಬಾರದವನು, ಅಷ್ಟೆ. "ಮಿಸ್ ಕರ್ಷಾ, ನಿಮ್ಮ ಯೋಚನೆ ಚೆನ್ನಾಗಿದೆ. ಆದರೆ ನಾಲ್ಕು ಜನ ಒಟ್ಟಿಗೆ ಕೂಗಿದರೆ ಯಾರಿಗೂ ನ್ಯಾಯ ಸಿಗೋದಿಲ್ಲ. ಸರದಿ ಇರಬೇಕು. ನನ್ನದು ನಿಧಾನ ಇರಬಹುದು, ಒಂದು ಅಕ್ಷರವನ್ನೂ ಕಳೆಯೋದಿಲ್ಲ" ಎಂದ. ಅದು ನಿಜವೇ ಆಗಿತ್ತು, ಅದಕ್ಕೇ ಅವಳ ಮೈ ಉರಿದುಹೋಯಿತು.

ಎಂಟ್ವಿಸಲ್ ಗಲ್ಲ ಕೆರೆದುಕೊಂಡರು. "ನೋಡಮ್ಮ ಮೇವಿಸ್, ಬುಧವಾರ ಮಧ್ಯಾಹ್ನದ ತನಕ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಸರಿಯಾಗ್ಲಿಲ್ಲ ಅಂದ್ರೆ ಲಾರಿಮರ್‌ದೇ ಹಾಕೋದು. ಗ್ರಿಮ್ಷಾ ಏನು ನೋಡಿ ಕೊಂಡ್ಕೋತಾರೋ ಅದನ್ನೇ ಮುಂದೆ ಎಲ್ಲಾರ್ಗೂ ಮಾರ್ತೀವಿ. ನಿಂದು ಕಪಾಟಿಗೆ ಹೋಗತ್ತೆ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎನ್ನುವುದು ಎಷ್ಟು ಸುಲಭ! ಮೂರು ವರ್ಷದ ಬೆವರು ಕಪಾಟಿಗೆ ಹೋಗುತ್ತದೆ ಎಂದರೆ ಯಾರಿಗೆ ಬೇಜಾರಾಗುವುದಿಲ್ಲ? ಅವಳು ಸೋಮವಾರ ಉಳಿದ ಹೊತ್ತೆಲ್ಲ, ಮಂಗಳವಾರ ಬೆಳಗ್ಗೆ ಪೂರ್ತಿ, ತಾನು ಬರೆದದ್ದನ್ನೇ ಮತ್ತೆ ಮತ್ತೆ ಓದಿದಳು. ಒಂದು ಸಾಲೂ ತಪ್ಪು ಕಾಣಲಿಲ್ಲ. ತಪ್ಪು ಸಾಲಿನಲ್ಲಿ ಇರಲೂ ಇಲ್ಲ.

ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮೇವಿಸ್ ಯಾವಾಗಲೂ ಅಮ್ಮನ ಮಿಲ್ಲಿಗೆ ಹೋಗುತ್ತಿದ್ದಳು. ಕಾಲುವೆ ದಂಡೆ ಹಿಡಿದರೆ ಹತ್ತು ನಿಮಿಷದ ದಾರಿ. ಆ ದಿನ ಕೂತಲ್ಲಿ ಕೂರಲಾರದೆ ಬೇಗ ಹೊರಟು, ಮಿಲ್ಲಿನ ಊಟದ ಕೂಗು ಮೊಳಗುವುದಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ನೇಯ್ಗೆಯ ಅಂಕಣದ ಬಾಗಿಲಲ್ಲಿ ನಿಂತಳು.

ಎಥೆಲ್ ಕರ್ಷಾ ಆರು ಮಗ್ಗದ ನೇಕಾರ್ತಿ. ಹದಿಮೂರನೇ ವಯಸ್ಸಿಗೆ ಒಳಗೆ ಬಂದವಳು, ಈಗ ಐವತ್ತೆರಡು. ಮಗಳು ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಕುರ್ಚಿ ಮೇಲೆ ಕೂತ್ಕೊಂಡು ಮಾಡೋ ಕೆಲಸ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ, ಅದಕ್ಕಿಂತ ಹೆಚ್ಚಿನದು ಬೇಕು ಎಂದೂ ಅನ್ನಿಸಿರಲಿಲ್ಲ.

ಅಮ್ಮ ಕೆಲಸ ಮಾಡುವುದನ್ನು ಮೇವಿಸ್ ಸಾವಿರ ಸಲ ಕಂಡಿದ್ದಳು, ನೋಡಿರಲಿಲ್ಲ. ಈಗ ನೋಡಿದಳು. ಅಮ್ಮನ ಪಕ್ಕದಲ್ಲೇ ಒಂದು ಮಗ್ಗ ತಟಕ್ಕನೆ ನಿಂತಿತು. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಮುಗಿದರೆ ಆ ಮಗ್ಗಗಳು ತಾವಾಗಿ ನಿಲ್ಲುತ್ತವೆ. ಕೈ ಚಾಚಿದರೆ ಸಾಕು, ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ ಓಡಿಸಬಹುದು. ಅಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸಾಲಿನ ಕೊನೆಯಲ್ಲಿ ಬಡಬಡನೆ ಚೆನ್ನಾಗಿಯೇ ಓಡುತ್ತಿದ್ದ ಇನ್ನೊಂದರ ಹತ್ತಿರ ದಾಪುಗಾಲು ಹಾಕಿ ಹೋಗಿ, ಅದನ್ನು ನಿಲ್ಲಿಸಿ, ಉದ್ದಕ್ಕೆ ಹಾಸಿದ ನೂಲಿನಲ್ಲಿ ಕಡಿದಿದ್ದ ಒಂದು ಎಳೆ ಹೆಕ್ಕಿ ಗಂಟು ಹಾಕಿ ಓಡಿಸಿದಳು. ಆಮೇಲೆ ನಿಧಾನವಾಗಿ ಬಂದು ನಿಂತಿದ್ದಕ್ಕೆ ಕಂಡಿಕೆ ಹಾಕಿದಳು.

ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅಲ್ಲಿನ ಹೆಂಗಸರು ದನಿ ಇಲ್ಲದೆ ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸುತ್ತಾರೆ, ಎದುರಿನವರು ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ. ಮೇವಿಸ್ ಬಾಗಿಲಿಂದಲೇ ತುಟಿಯಾಡಿಸಿದಳು.

"ಹತ್ರದ್ದು ಬಿಟ್ಟು ಅಲ್ಲಿಗ್ಯಾಕೆ ಹೋದೆ?"

"ನಿಂತಿರೋದು ಏನ್ ಮಾಡತ್ತೆ? ನಿಂತಿರತ್ತೆ" ಎಂದವು ಅಮ್ಮನ ತುಟಿಗಳು. "ಅದು ಎಳೆ ಕಡ್ಕೊಂಡು ಓಡ್ತಾ ಇತ್ತು ಕಣೇ. ಲಾಳಿ ಒಂದ್ ಸಲ ಹೋದ್ರೆ ಅಷ್ಟು ಬಟ್ಟೆ ಹಾಳು. ಆಮೇಲೆ ಅತ್ಕೊಂಡ್ರೆ ವಾಪಸ್ ಬರತ್ತಾ?"

"ಮಗ್ಗ ನಿಂತಿದ್ರೆ ಮಿಲ್ ಮೇಸ್ತ್ರಿ ಬೈಯಲ್ವಾ?"

"ಬೈತಾನೆ, ಬೈಸ್ಕೋತೀನಿ. ಬಟ್ಟೆ ಮೇಲೆ ನೇಯ್ದೋಳು ಅಂತ ಬೀಳೋದು ನನ್ ನಂಬರು, ಅವನ್ದಲ್ಲ!"

ಹೇಳುತ್ತಲೇ ಎಥೆಲ್ ಮತ್ತೊಂದು ಮಗ್ಗದ ಹತ್ತಿರ ಹೋಗಿ, ಗಂಟು ಹಾಕಿ, ತಿರುಗಿ ಬಂದಿದ್ದಳು. ಒಂದೇ ಒಂದು ಗಂಟು. ನೇಯ್ದ ಬಟ್ಟೆ ಹೇಗೆ ಬಂದಿದೆ ಎಂದು ನಿಂತು ನೋಡಲಿಲ್ಲ.

ಮೇವಿಸಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳ ಮೇಸ್ತ್ರಿಗೆ ಮೊದಲ ಮರ್ಯಾದೆ ಪ್ರಿಂಟರಿಗೆ. ಪ್ರಿಂಟರ್ ಕೂಗಿತೆಂದರೆ ಬೇರೆ ಎಲ್ಲರ ಬಾಯಿ ಮುಚ್ಚಿಸಿ, ಒಂದು ಸಾಲು ಪೂರ್ತಿ ಜೋಡಿಸಿಕೊಟ್ಟೇ ಅದು ಅಲ್ಲಿಂದ ಕದಲುತ್ತಿದ್ದುದು. ಯಾಕೆ ಹಾಗೆ ಬರೆದೆ? ಯಾರೂ ಹೇಳಿರಲಿಲ್ಲ. ಪ್ರಿಂಟರ್ ಸುಮ್ಮನಿರಬಾರದು, ಸುಮ್ಮನಾದರೆ ಎಂಟ್ವಿಸಲ್ ತಲೆ ಹೊರಗೆ ಬರುತ್ತದೆ, ಅಷ್ಟೇ ಕಾರಣ. ಬರ್ನ್ಲಿಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಆದರೆ ಪ್ರಿಂಟರ್ ನಿಂತರೆ ನಿಂತಿರುತ್ತದೆ, ಏನೂ ಕೆಡುವುದಿಲ್ಲ. ರೀಡರಿನಲ್ಲಿ ಪಟ್ಟಿ ಓಡುತ್ತಿರುತ್ತದೆ. ಒಂದು ಅಕ್ಷರವನ್ನು ಸಮಯಕ್ಕೆ ಎತ್ತಿಕೊಳ್ಳದಿದ್ದರೆ ಅದರ ಬೆನ್ನಿಗೇ ಬರುವ ಅಕ್ಷರ ಅದರ ಮೇಲೆಯೇ ಕೂರುತ್ತದೆ, ಮೊದಲಿನದು ಹೋದಂತೆಯೇ.

ಊಟದ ಕೂಗು ಮೊಳಗಿತು. ಎಥೆಲ್ ಬುತ್ತಿಯ ಬಟ್ಟಲು ಹಿಡಿದು ಹೊರಗೆ ಬಂದರೆ ಮಗಳೇ ಇಲ್ಲ. ಕಾಲುವೆ ದಂಡೆಯ ಮೇಲೆ ಕೋಟು ಹಾರಿಸುತ್ತ ಓಡುತ್ತಿದ್ದಳು.

"ಉಣ್ಣೋಕ್ ಬಂದೋಳು ಉಣ್ಣದೇ ಓಡ್ತಾಳಲ್ಲ! ಕುರ್ಚಿ ಏನ್ ಎದ್ದು ಹೋಗತ್ತಾ?" ಎಂದು ಎಥೆಲ್ ಪಕ್ಕದವಳಿಗೆ ಹೇಳಿ, ಮಗಳ ಪಾಲಿನ ಆಲೂಗಡ್ಡೆ ಪೈಯನ್ನೂ ತಾನೇ ತಿಂದಳು.

ಮೇವಿಸ್ ಬದಲಿಸಿದ್ದು ಎರಡೇ ಸಂಗತಿ. ತಡೆಯಲಾರದವರಿಗೆ ಮೊದಲ ಸರದಿ, ಕಾಯಬಲ್ಲವರಿಗೆ ಕೊನೆಯದು: ಮೊದಲು ರೀಡರುಗಳು, ಆಮೇಲೆ ಟೇಪು, ಎಲ್ಲಕ್ಕಿಂತ ಹಿಂದೆ ಪ್ರಿಂಟರ್. ಎರಡನೆಯದು, ಯಾರ ಹತ್ತಿರ ಹೋದರೂ ಬಂದ ಅಕ್ಷರ ಎತ್ತಿ ಬುಟ್ಟಿಗೆ ಹಾಕಿ ಕೂಡಲೇ ವಾಪಸು, ಅಲ್ಲೇ ನಿಂತು ಕೆಲಸ ಪೂರ್ತಿ ಮಾಡುವಂತಿಲ್ಲ. ಪ್ರಿಂಟರಿಗೆ ಕೊಡಬೇಕಾದ ಸಾಲುಗಳು ಟೇಪಿನ ಮೇಲೆ ಕೂಡಿರಲಿ, ಅದು ಬಿಡುವಾದಾಗ ತೆಗೆದುಕೊಳ್ಳಲಿ. ಬುಧವಾರ ಹನ್ನೊಂದೂವರೆಗೆ ಎಲ್ಲ ಮುಗಿಯಿತು. ಪ್ಯಾಡಿಹ್ಯಾಮ್ ಪೂರ್ತಿಯಾಗಿ ಬಂತು. ಹದಿನಾರು ಊರೂ ಬಂದವು, ಸೇತುವೆಯ ಸೊನ್ನೆಯೂ ಬಂತು. ಲಾರಿಮರ್ ಹಾಳೆಯನ್ನು ಎರಡು ಸಲ ಓದಿ ಕೆಳಗಿಟ್ಟ.

ತಕರಾರು ತೆಗೆದವರು ಎಂಟ್ವಿಸಲ್. "ಎಲ್ಲಾ ಸರಿ. ಮಧ್ಯೆ ಮಧ್ಯೆ ಪ್ರಿಂಟರ್ ಸುಮ್ನಾಗತ್ತಲ್ಲ?"

"ಆಗತ್ತೆ ಸಾರ್."

"ಗಿರಾಕಿಗಳ ಎದುರು ಸುಮ್ನಾಗೋದಾ?"

"ಸುಮ್ನಾದ್ರೆ ಆಗ್ಲಿ ಸಾರ್. ಒಂದಕ್ಷರ ಕಳೆದ್ರೆ ನನ್ನ ಕೇಳಿ."

ಎಂಟ್ವಿಸಲ್ ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಲಾರಿಮರ್ ತನ್ನ ಪ್ರೋಗ್ರಾಮಿನ ಪಟ್ಟಿ ಹಿಡಿದು ಯಂತ್ರ ನಿಲ್ಲಿಸುವ ಗುಂಡಿಯ ಪಕ್ಕದಲ್ಲೇ ನಿಂತಿರಬೇಕು. ಯಂತ್ರ ಕೆಟ್ಟು ನಿಂತಿತೋ, ಗುಂಡಿ ಒತ್ತಿ ಅವನದು ಹಾಕುವುದು, ಅಲ್ಲಿಗೆ ಮೇವಿಸಳ ಕಥೆ ಮುಗಿಯಿತು.

ಆ ಊರಿನ ಮಿಲ್ಲುಗಳಲ್ಲಿ ಹೊಸ ಇಂಜಿನ್ ಶುರು ಮಾಡುವ ದಿನ ಕೆಲಸಗಾರರ ಮನೆಮಂದಿ ಬಂದು ನೋಡುವುದು ಪದ್ಧತಿ. ಎಂಟ್ವಿಸಲ್ ಅದನ್ನು ಬಿಟ್ಟಿರಲಿಲ್ಲ. ಎಥೆಲ್‌ಳ ಮಿಲ್ಲಿನಲ್ಲಿ ಈಗ ವಾರಕ್ಕೆ ಮೂರೇ ದಿನ ಕೆಲಸ, ಗುರುವಾರ ರಜ. ಅವಳು ಮದುವೆ ತಿಥಿಗಳಿಗೆ ಮಾತ್ರ ತೊಡುವ ಹ್ಯಾಟು ತೊಟ್ಟು, ಕೈಗವಸು ಹಾಕಿ, ಬಂದು ಗೋಡೆಗೆ ಒರಗಿ ನಿಂತಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ಯಂತ್ರ ಇರೋ ಕಡೆ ಕೂತು ಅಭ್ಯಾಸ ಇಲ್ಲ ನಂಗೆ" ಎಂದಳು.

ಗ್ರಿಮ್ಷಾ ಎತ್ತರದ ಆಳು, ಎಲ್ಲವನ್ನೂ ಮುಟ್ಟಿ ನೋಡುವ ಸ್ವಭಾವ. ಬೆರಿಲ್ ಎರಡೂ ರೀಡರಿಗೆ ಪಟ್ಟಿ ಏರಿಸಿದಳು. ಪೆನ್ನೈನ್ ಹೊರಟಿತು. ಪಟ್ಟಿಗಳು ಸರಸರ ಓಡಿದವು, ಟೇಪು ಹಿಂದೆ ಮುಂದೆ ಸುತ್ತಿತು, ಪ್ರಿಂಟರ್ ಗಡಗಡ ಎಂದು ವ್ಯಾನುಗಳ ಪಟ್ಟಿ ಒತ್ತತೊಡಗಿತು. ಐದು ನಿಮಿಷವಾಯಿತು. ಹಾಳೆಯಲ್ಲಿ ತಮ್ಮ ಊರುಗಳ ಹೆಸರು ಕಂಡು ಗ್ರಿಮ್ಷಾಗೆ ತಡೆಯಲಾಗಲಿಲ್ಲ.

"ಓಹೋ, ಕ್ಲಿದರೋ! ಇದು ನಮ್ಮ ಒಂಬತ್ನೇ ನಂಬರ್ ವ್ಯಾನು!" ಎನ್ನುತ್ತ ಬಗ್ಗಿ ಪ್ರಿಂಟರಿನ ಮುಚ್ಚಳ ಎತ್ತೇಬಿಟ್ಟರು.

ಮುಚ್ಚಳ ಎತ್ತಿದರೆ ಪ್ರಿಂಟರ್ ನಿಲ್ಲಬೇಕು, ಅದನ್ನು ಕಟ್ಟಿದ್ದೇ ಹಾಗೆ, ಯಾರ ಬೆರಳೂ ಒಳಗೆ ಸಿಗಬಾರದೆಂದು. ನಿಂತಿತು. ಗಡಗಡ ಸದ್ದು ಅಡಗಿತು. ಎಂಟ್ವಿಸಲ್ ಮುಖ ಸುಣ್ಣವಾಯಿತು. ಗಿರಾಕಿಯನ್ನು ಬೈಯುವ ಹಾಗಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಗ್ರಿಮ್ಷಾ ಮುಚ್ಚಳ ಹಿಡಿದುಕೊಂಡೇ, "ಅಯ್ಯಯ್ಯೋ, ಕೆಡಿಸ್ಬಿಟ್ನಾ?" ಎಂದರು. ಲಾರಿಮರ್‌ನ ಕೈ ಗುಂಡಿಯ ಕಡೆ ಹೋಯಿತು.

ಅವನ ಕೈ ತಲುಪುವ ಮೊದಲೇ ಮೇವಿಸಳ ಅಂಗೈ ಗುಂಡಿಯನ್ನು ಮುಚ್ಚಿತ್ತು.

"ಮುಟ್ಬೇಡಿ."

"ಮಿಸ್ ಕರ್ಷಾ, ಯಂತ್ರ ನಿಂತುಹೋಗಿದೆ."

"ಯಂತ್ರ ನಿಂತಿಲ್ಲ. ಪ್ರಿಂಟರ್ ನಿಂತಿದೆ. ಪಟ್ಟಿ ನೋಡಿ."

ಎಲ್ಲರೂ ತಿರುಗಿ ನೋಡಿದರು. ರೀಡರುಗಳು ಎರಡೂ ತಮ್ಮ ಪಾಡಿಗೆ ಪಟ್ಟಿ ನುಂಗುತ್ತಿದ್ದವು. ಟೇಪು ಸುತ್ತುತ್ತಿತ್ತು. ಬೆರಿಲ್‌ಳ ಮೇಜಿನ ಮೇಲೆ ಪೆನ್ನೈನಿಗೆ ಜೋಡಿಸಿದ್ದ ಟೈಪ್‌ರೈಟರ್ ಯಾರೂ ಮುಟ್ಟದೆಯೇ ಟಕಟಕ ಎಂದು ಒಂದು ಸಾಲು ಹೊಡೆಯಿತು: ಪ್ರಿಂಟರ್ ಮುಚ್ಚಳ ತೆರೆದಿದೆ.

ಗ್ರಿಮ್ಷಾ ಗಾಬರಿಯಲ್ಲಿ ಮುಚ್ಚಳ ಇಳಿಸಲು ಹೋದರು. ಮೇವಿಸಳಿಗೆ ಎಲ್ಲಿಂದ ಆ ಧೈರ್ಯ ಬಂತೋ. "ಮುಚ್ಬೇಡಿ ಸಾರ್. ತೆಗ್ದೇ ಇರ್ಲಿ" ಎಂದಳು. ಆಮೇಲೆ ಗೆಳತಿಯ ಕಡೆ ತಿರುಗಿ, "ಬೆರಿಲ್, ಎಲ್ಲಾರ್ಗೂ ಟೀ ಕೊಡೇ" ಎಂದಳು.

"ಟೀನಾ? ಈಗ್ಲಾ?" ಎಂಟ್ವಿಸಲ್ ದನಿ ಕೀರಲಾಯಿತು.

"ಈಗ್ಲೇ ಸಾರ್. ಅದು ಕಾಯತ್ತೆ."

ಟೀ ಬಂತು. ಶುಂಠಿ ಕೇಕು ಬಂತು. ಮೂವರು ಗಿರಾಕಿಗಳೂ ಬಾಯಿ ತೆರೆದ ಪ್ರಿಂಟರಿನ ಸುತ್ತ ನಿಂತು ಕುಡಿದರು. ಎಂಟ್ವಿಸಲ್ ಮಾತ್ರ ಕಪ್ಪು ಹಿಡಿದು ನಿಂತಿದ್ದರು, ಕುಡಿಯಲಿಲ್ಲ. ಹುಟ್ಟಿದಂದಿನಿಂದ ಇಷ್ಟು ಹೊತ್ತು ಒಂದು ಯಂತ್ರ ಅವರ ಕಣ್ಣೆದುರು ಸುಮ್ಮನೆ ನಿಂತಿರಲಿಲ್ಲ. ನಿಜ ಹೇಳಬೇಕೆಂದರೆ ಮೇವಿಸ್ ಕೂಡ ಟೀ ಕುಡಿದದ್ದು ನಾಟಕಕ್ಕೆ. ಆದರೆ ಆ ನಾಟಕದ ಒಳಗೆ ಒಂದು ಹಮ್ಮಿತ್ತು. ತಾನು ಕಟ್ಟಿದ್ದು ಏನೆಂದು ತನಗೆ ಗೊತ್ತಿದೆ ಎಂಬ ಹಮ್ಮು. ಅದನ್ನು ಅವಳು ಅಡಗಿಸಲಿಲ್ಲ, ಯಾಕೆ ಅಡಗಿಸಬೇಕು?

ಪ್ರಿಂಟರ್ ನಿಂತ ಹತ್ತನೇ ನಿಮಿಷಕ್ಕೆ ಸೇತುವೆಯ ಪಟ್ಟಿ ಮುಗಿಯಿತು. ಹದಿಮೂರಕ್ಕೆ ವ್ಯಾನುಗಳದೂ ಮುಗಿಯಿತು. ಹದಿನೈದಕ್ಕೆ ಮೇವಿಸ್ ಕಪ್ಪು ಕೆಳಗಿಟ್ಟು, "ಈಗ ಮುಚ್ಚಿ ಸಾರ್" ಎಂದಳು.

ಗ್ರಿಮ್ಷಾ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಮುಚ್ಚಳ ಇಳಿಸಿದರು. ಪ್ರಿಂಟರ್ ಗಡಗಡ ಎಂದಿತು. ಒಂಬತ್ತನೇ ವ್ಯಾನಿನ ಊರುಗಳು, ಹತ್ತನೆಯದು, ಹನ್ನೊಂದು, ಕೊನೆಯವರೆಗೂ ಒಂದೇ ಉಸಿರಿಗೆ ಬಂದವು. ಹಿಂದೆಯೇ ಸೇತುವೆಯ ಲೆಕ್ಕ. ಲಾರಿಮರ್ ಉತ್ತರಗಳನ್ನು ತನ್ನ ಕಾಗದದ ಜೊತೆ ಹೋಲಿಸಿ ನೋಡಿದ. ಒಂದೂ ಬಿಟ್ಟಿರಲಿಲ್ಲ.

"ನನ್ನದಾಗಿದ್ದರೆ ಆ ಮುಚ್ಚಳದ ಮುಂದೆ ಇನ್ನೂ ನಿಂತು, ಆಯ್ತಾ ಆಯ್ತಾ ಅಂತ ಕೇಳ್ತಾ ಇರ್ತಿತ್ತು" ಎಂದ ಅವನು, ಎಲ್ಲರಿಗೂ ಕೇಳುವಂತೆ. ಹೇಳಿದೆನಲ್ಲ, ಕೆಟ್ಟವನಲ್ಲ. "ಈ ಸರದಿ ನಿಮಗೆ ಎಲ್ಲಿ ಹೊಳೆಯಿತು?"

"ನಂಗೆ ಹೊಳೀಲಿಲ್ಲ. ಅಲ್ಲಿ ನಿಂತಿದ್ದಾರಲ್ಲ, ನಮ್ಮಮ್ಮ, ಅವ್ರು ಮೂವತ್ತೊಂಬತ್ತು ವರ್ಷದಿಂದ ಮಾಡ್ತಾ ಇರೋದು ಇದ್ನೇ."

ಎಲ್ಲರ ಕಣ್ಣೂ ಗೋಡೆಯ ಕಡೆ ಹೋದವು. ಎಂಟ್ವಿಸಲ್ ಕೊನೆಗೂ ಒಂದು ಗುಟುಕು ಟೀ ಕುಡಿದು, "ಲಾರಿಮರ್, ಕಪಾಟಿಗೆ ಹೋಗೋದು ನಿಮ್ಮ ಪಟ್ಟಿ. ಮೇವಿಸಳದೇ ಇರತ್ತೆ, ಎಲ್ಲಾ ಯಂತ್ರದಲ್ಲೂ" ಎಂದರು. ಗ್ರಿಮ್ಷಾ ಚಪ್ಪಾಳೆ ತಟ್ಟಿದರು.

ಎಥೆಲ್ ತಟ್ಟಲಿಲ್ಲ. ಅವಳು ಕೈಗವಸು ಬಿಚ್ಚಿ ಚೀಲಕ್ಕೆ ಹಾಕಿ, ನೇರ ಪ್ರಿಂಟರಿನ ಹತ್ತಿರ ಬಂದು, ಒಂಬತ್ತನೇ ವ್ಯಾನಿನ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಯಾರನ್ನೂ ಕೇಳಲಿಲ್ಲ. ಕ್ಲಿದರೋ ಎಂಬ ಹೆಸರಿನ ಮೇಲೆ, ಅದರ ಕೆಳಗಿನ ಸಾಲಿನ ಮೇಲೆ, ಹೆಬ್ಬೆರಳನ್ನು ನಿಧಾನವಾಗಿ ಎಳೆದಳು. ಹಾಳೆ ತಿರುಗಿಸಿ ಬೆನ್ನನ್ನೂ ಸವರಿದಳು.

"ಏನಮ್ಮಾ ನೋಡ್ತಿದೀಯ?" ಎಂದಳು ಮೇವಿಸ್.

"ಮಗ್ಗ ನಿಲ್ಸಿ ಮತ್ತೆ ಓಡಿಸ್ದಾಗ ಬಟ್ಟೇಲಿ ಅಲ್ಲೊಂದು ಗೆರೆ ಬೀಳತ್ತೆ ಕಣೇ. ಎಷ್ಟೇ ಹುಷಾರಾಗಿದ್ರೂ ಬೀಳತ್ತೆ. ಬೆಳಕಿಗೆ ಹಿಡಿದ್ರೆ ಎಲ್ಲಿ ನಿಂತಿತ್ತು ಅಂತ ಯಾರ್ ಬೇಕಾದ್ರೂ ಹೇಳ್ಬಹುದು." ಅವಳು ಮತ್ತೊಂದು ಸಲ ಹೆಬ್ಬೆರಳು ಎಳೆದಳು. "ಹದಿನೈದ್ ನಿಮಿಷ ನಿಂತಿತ್ತಲ್ಲ. ಎಲ್ಲಿ ನಿಂತಿದ್ದು?"

"ಅಲ್ಲೇ. ನಿನ್ ಬೆರಳ ಕೆಳಗೇ."

ಎಥೆಲ್ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಳೆ ಇಳಿಸಿ, ಆ ಕೋಣೆಯಲ್ಲಿದ್ದ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ಮಗಳ ಮುಖ ನೋಡಿದಳು.

"ಗುರ್ತೇ ಇಲ್ಲ" ಎಂದಳು. "ಇದು ನನ್ ಕೈಲಿ ಒಂದ್ ದಿನಾನೂ ಆಗ್ಲಿಲ್ಲ, ಮಗಾ."